ಗುಳೆ ಹೋದ ದಾರಿಯಲ್ಲೇ ಬಂದ ಬೇನೆ

ಕಂದಾಯ ಇಲಾಖೆಯ ಹಳೆಯ ಕಾಗದಪತ್ರಗಳಲ್ಲಿ ಒಂದು ವಿಚಿತ್ರ ಪದ ಸಿಗುತ್ತದೆ: ಬೇಚಿರಾಕ್. ಪಾರಸಿಯ 'ಬೇ ಚಿರಾಗ್' ಕನ್ನಡದ ಬಾಯಲ್ಲಿ ಸವೆದು ಹೀಗಾಗಿದೆ. ದೀಪವಿಲ್ಲದ್ದು ಎಂದು ಅರ್ಥ. ಅಂಥ ಊರಿಗೆ ಹೆಸರಿರುತ್ತದೆ, ಸರ್ವೆ ನಂಬರುಗಳಿರುತ್ತವೆ, ಗಡಿಕಲ್ಲುಗಳಿರುತ್ತವೆ. ಸಂಜೆಯಾದರೆ ದೀಪ ಹಚ್ಚುವವರು ಮಾತ್ರ ಇರುವುದಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗಿನ ಎರೆ-ಮಸಾರಿ ನೆಲದಲ್ಲಿ ಇಂಥ ಹಾಳೂರುಗಳ ಗುರುತು ಅಲ್ಲಲ್ಲಿ ಕಾಣುತ್ತದೆ. ಒಂದು ಹನುಮಪ್ಪನ ಕಲ್ಲು, ನಾಲ್ಕು ಹುಣಸೆ ಮರ, ಹೂಳು ತುಂಬಿದ ಬಾವಿ, ನೇಗಿಲಿಗೆ ಸಿಕ್ಕುವ ಮಡಕೆ ಚೂರು. ಊರು ಯಾಕೆ ಹಾಳಾಯಿತೆಂದು ಸುತ್ತಲಿನ ಹಿರಿಯರನ್ನು ಕೇಳಿದರೆ ಒಬ್ಬರು ಬರ ಎನ್ನುತ್ತಾರೆ, ಒಬ್ಬರು ವಾಂತಿಬೇಧಿ, ಮತ್ತೊಬ್ಬರು ಪಿಲೇಗು. ಮೂರೂ ನಿಜವಿರಬಹುದು. ಈ ಭಾಗದಲ್ಲಿ ಆ ಮೂರೂ ಬಿಡಿಬಿಡಿಯಾಗಿ ಬಂದದ್ದು ಕಡಿಮೆ.

ದೀಪ ಆರಿಸಿ ಹೊರಟದ್ದಕ್ಕೆ ಇಲ್ಲಿನವರ ಮಾತು 'ಗುಳೆ'. ಬರಕ್ಕೂ ಗುಳೆ, ಬೇನೆಗೂ ಗುಳೆ, ಈಗ ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ಬಿಡಿಸಲು ಚಿಕ್ಕಮಗಳೂರಿಗೆ, ಸೆಂಟ್ರಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋದರೂ ಗುಳೆಯೇ. ಈ ಐದು ತಾಲ್ಲೂಕುಗಳ ಸಾಂಕ್ರಾಮಿಕ ರೋಗಗಳ ಚರಿತ್ರೆ ಬರೆಯಹೊರಟವರು ಆಸ್ಪತ್ರೆಯ ದಾಖಲೆಗಿಂತ ಮೊದಲು ಈ ಪದದ ಬೆನ್ನು ಹತ್ತಬೇಕು. ರೋಗಾಣುವಿಗೆ ಜಾತಿಯಿಲ್ಲ, ಅಂತಸ್ತಿಲ್ಲ ಎಂದು 2020ರಲ್ಲಿ ಎಲ್ಲರೂ ಹೇಳಿದರು. ರೋಗಾಣುವಿನ ಮಟ್ಟಿಗೆ ಅದು ಸರಿ. ಆದರೆ ಬೇನೆ ಬಂದಾಗ ಕದ ಹಾಕಿಕೊಂಡು ಕೂರುವುದಕ್ಕೆ ಮನೆ ಬೇಕು, ಮನೆಯೊಳಗೆ ಕಾಳು ಬೇಕು. ಅವೆರಡೂ ಯಾರ ಬಳಿ ಇದ್ದವು, ಯಾರ ಬಳಿ ಇರಲಿಲ್ಲ ಎಂಬುದಕ್ಕೆ ಇಲ್ಲಿ ನೂರೈವತ್ತು ವರ್ಷಗಳ ಲೆಕ್ಕವಿದೆ.

ಆ ಐದು ತಾಲ್ಲೂಕುಗಳೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ನಿಜಾಮನು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯ ಪಡುವಣ ಅಂಚು ಇದು. 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಆಳುವವರ ಊರು ಯಾವತ್ತೂ ದೂರ. ಹರಪನಹಳ್ಳಿಯದಂತೂ ತವರಿಲ್ಲದ ಹೆಣ್ಣುಮಗಳ ಕತೆ: 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ನೆಲದ ಮೇಲೂ ನಿಂತಿತು, ಕಾಲುವೆ ಮಾತ್ರ ಮೂಡಣಕ್ಕೆ, ಬಳ್ಳಾರಿ-ಸಿರುಗುಪ್ಪದ ಕಡೆಗೆ ಹರಿಯಿತು. ಸಿಂಗಟಾಲೂರು ಏತ ನೀರಾವರಿಯಂಥ ಯೋಜನೆಗಳು ಬಂದದ್ದು ತೀರ ಈಚೆಗೆ. ಅಲ್ಲಿಯವರೆಗೂ, ಈಗಲೂ ಬಹುಪಾಲು, ಇದು ಮಳೆಯನ್ನೇ ನಂಬಿದ ಜೋಳ, ನವಣೆ, ಶೇಂಗಾದ ಬೆದ್ದಲು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಪಟ್ಟಿ ಮಾಡಿದಾಗ ಕೂಡ್ಲಿಗಿ ಮತ್ತು ಹರಪನಹಳ್ಳಿ ಅದರಲ್ಲಿದ್ದವು. ಇಲ್ಲಿನ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಮೂರು ಮೀಸಲು: ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ. ದಲಿತ ಕೇರಿಗಳು, ಲಂಬಾಣಿ ತಾಂಡಾಗಳು, ನಾಯಕರ ಹಟ್ಟಿಗಳು ಎಷ್ಟು ದಟ್ಟವಾಗಿವೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲು ಧಾತು ಸಂವತ್ಸರ. 1876ರ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮುಂದಿನ ಈಶ್ವರ ಸಂವತ್ಸರದ ಹೊತ್ತಿಗೆ ಮದರಾಸು ಪ್ರಾಂತ್ಯದ ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದಾಗಿತ್ತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕುಗ್ಗಿತು. ಸತ್ತವರೆಲ್ಲ ಹಸಿವಿನಿಂದ ಸತ್ತರೆಂದು ದಾಖಲೆ ಹೇಳುವುದಿಲ್ಲ. ಹಳ್ಳಿಯ ಲೆಕ್ಕದಲ್ಲಿ ಅವರು ಕಾಲರಾ, ಸಿಡುಬು, ಜ್ವರ, ಆಮಶಂಕೆಯಿಂದ ಸತ್ತವರು. ಗಂಜಿ ಕೇಂದ್ರ, ಪರಿಹಾರ ಕಾಮಗಾರಿ ಎಂದು ಸಾವಿರಾರು ಜನ ಒಂದೆಡೆ ಸೇರಿದರೆ ಕುಡಿಯುವ ನೀರು ಒಂದೇ, ಬಯಲು ಒಂದೇ. ಅರೆಹೊಟ್ಟೆಯ ಮೈಗೆ ವಾಂತಿಬೇಧಿ ತಗಲಿದರೆ ಒಂದು ಹಗಲು ಸಾಕು.

ಆ ಅರೆಹೊಟ್ಟೆಗೂ ಒಂದು ಸರ್ಕಾರಿ ಅಳತೆಯಿತ್ತು. ವೈಸರಾಯ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕೂಲಿ ನಿಗದಿ ಮಾಡಿದ: ಇಡೀ ದಿನ ಕಲ್ಲು ಒಡೆದು ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದನ್ನು ಖಂಡಿಸಿದ. ಜೈಲಿನ ಕೈದಿಗೆ ಸಿಗುವುದಕ್ಕಿಂತ ಇದು ಕಡಿಮೆ, ದುಡಿಯುವ ದೇಹ ಇದರಲ್ಲಿ ಬದುಕುವುದಿಲ್ಲ ಎಂಬುದು ಅವನ ವಾದ. ಇಬ್ಬರ ನಡುವಿನ ಕಾಗದದ ಜಗಳ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಮದರಾಸು ಸರ್ಕಾರ ಕೂಲಿ ಏರಿಸಿತು, ಆದರೆ ಅಷ್ಟರಲ್ಲಿ ಬೇಸಿಗೆ ಬಂದಿತ್ತು. ಬಳ್ಳಾರಿಗೆ ಆಗಲೇ ರೈಲಿತ್ತು, ರೈಲಿನಲ್ಲಿ ಧಾನ್ಯವೂ ಬಂದು ಇಳಿಯುತ್ತಿತ್ತು. ಕೊಳ್ಳಲು ಕಾಸಿದ್ದವರಿಗೆ ಅದು ಆಹಾರ. ಹೇರೆತ್ತುಗಳ ಮೇಲೆ ಉಪ್ಪು-ಧಾನ್ಯ ಸಾಗಿಸಿ ಬದುಕಿದ್ದ ಲಂಬಾಣಿಗಳಿಗಂತೂ ಆ ರೈಲು ಬರಕ್ಕಿಂತ ಮೊದಲೇ ಬಡಿದ ಏಟು. ಅವರ ಕಸುಬನ್ನು ಕಸಿದುಕೊಂಡದ್ದೇ ಅದು. ಎತ್ತು ಮಾರಿ ಕೂಲಿಗಿಳಿದವರ ವಂಶದವರು ಇವತ್ತು ಕಬ್ಬಿನ ಗದ್ದೆಯಲ್ಲಿದ್ದಾರೆ.

ರೈಲು ಧಾನ್ಯ ತಂದ ಹಾಗೆಯೇ ಇಪ್ಪತ್ತು ವರ್ಷಗಳಾದ ಮೇಲೆ ಪ್ಲೇಗನ್ನೂ ತಂದಿತು. 1896ರಲ್ಲಿ ಮುಂಬಯಿಗೆ ಇಳಿದ ಪ್ಲೇಗು ಹುಬ್ಬಳ್ಳಿ-ಧಾರವಾಡಕ್ಕೆ ಬಂದು, 1898ರ ವಿಳಂಬಿ ಸಂವತ್ಸರದಲ್ಲಿ ಬೆಂಗಳೂರು ಸೇರಿತು. ಆ ವರ್ಷಗಳಲ್ಲೇ ಬಳ್ಳಾರಿ ಸೀಮೆಗೂ ಕಾಲಿಟ್ಟಿತು. ಸರ್ಕಾರದ ಕೈಯಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇತ್ತು (2020ರ ಮಾರ್ಚಿನಲ್ಲಿ ಧೂಳು ಕೊಡವಿ ಹೊರಗೆ ತೆಗೆದದ್ದು ಇದನ್ನೇ). ಮದರಾಸು ಪ್ರಾಂತ್ಯದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಎಂಬುದು ಬಂತು. ಪ್ಲೇಗಿದ್ದ ಊರಿನಿಂದ ಬಂದವನು ಆ ಚೀಟಿ ಹಿಡಿದು ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತಿದ್ದರು. ಮೂರನೇ ದರ್ಜೆಯವರಿಗೆ ಆದ ಅವಮಾನ ಮೇಲಿನ ದರ್ಜೆಯವರಿಗೆ ಅಷ್ಟಾಗಿ ಆಗುತ್ತಿರಲಿಲ್ಲ. ರೋಗಕ್ಕೆ ದರ್ಜೆ ಗೊತ್ತಿಲ್ಲದಿದ್ದರೂ ತಪಾಸಣೆಗೆ ಗೊತ್ತಿತ್ತು.

ಸರ್ಕಾರ ಹೇಳಿದ ಮದ್ದುಗಳಲ್ಲಿ ಜನ ಮನಸಾರೆ ಒಪ್ಪಿದ್ದು ಒಂದನ್ನೇ: ಊರು ಬಿಡುವುದು. ಇಲಿ ಬಿದ್ದ ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಂಡರೆ ಪ್ಲೇಗು ತಗ್ಗುತ್ತದೆಂದು ವೈದ್ಯರಿಗಿಂತ ಮೊದಲೇ ಹಳ್ಳಿಯವರು ಕಂಡುಕೊಂಡಿದ್ದರು. ಚಿಗಟದ ಪಾತ್ರ ವಿಜ್ಞಾನಿಗಳಿಗೆ ಖಾತ್ರಿಯಾಗುವ ಮೊದಲಿನ ಮಾತಿದು. ಆದರೆ ಊರು ಬಿಡಲೂ ಆಸ್ತಿ ಬೇಕು. ಹೊಲವಿದ್ದವನು ತನ್ನ ಹೊಲದಲ್ಲಿ, ತೋಟವಿದ್ದವನು ಬಾವಿಯ ಪಕ್ಕದಲ್ಲಿ ಗುಡಿಸಲು ಹಾಕಿದ. ಹೊಲವಿಲ್ಲದವನು ಎಲ್ಲಿ ಹಾಕಬೇಕು? ಊರಹೊರಗಿನ ಕೇರಿಯವನು ಮೊದಲೇ ಹೊರಗಿದ್ದವನು, ಅವನಿಗೆ ಇನ್ನೂ ಹೊರಗೆ ಎಂದರೆ ಕಲ್ಲುಗುಡ್ಡ, ಗೋಮಾಳ. ಮೇಲಾಗಿ ಗೌಡರು ಬಿಟ್ಟುಹೋದ ಊರನ್ನು ರಾತ್ರಿ ಕಾಯುವ ತಳವಾರಿಕೆ, ಸತ್ತ ದನ ಎಳೆಯುವುದು, ಅನಾಥ ಹೆಣಗಳಿಗೆ ಗುಂಡಿ ತೋಡುವುದು, ಇವೆಲ್ಲ ಬಿಟ್ಟಿ ಚಾಕರಿಯಾಗಿ ಅವರ ತಲೆಗೇ ಕಟ್ಟಿದ್ದವು. ಪ್ಲೇಗಿನ ಊರಿನೊಳಗೆ ಹೋಗಿಬರುವುದೇ ಅವರ ಕೆಲಸವಾಯಿತು. ಮುಂದಿನ ಎರಡು ದಶಕಗಳಲ್ಲಿ ದೇಶದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಈ ಊರು ಬಿಡುವುದು ಬರೀ ಭಯದ ಓಟವಾಗಿ ಉಳಿಯಲಿಲ್ಲ, ಆಚರಣೆಯೂ ಆಗಿತ್ತು. ಬಳ್ಳಾರಿ, ಚಿತ್ರದುರ್ಗ, ದಾವಣಗೆರೆಯ ಹಳ್ಳಿಗಳಲ್ಲಿ ಇಂದಿಗೂ ನಡೆಯುವ ಹೊರಬೀಡು ಅದೇ. ಗೊತ್ತು ಮಾಡಿದ ದಿನ ಬೆಳಗಾಗುವುದರೊಳಗೆ ಊರಿಗೆ ಊರೇ ಒಲೆ ಆರಿಸಿ, ಬೀಗ ಹಾಕಿ, ದನಕರು, ಕೋಳಿ, ಬಾಣಂತಿ, ಮುದುಕರ ಸಮೇತ ಹೊರಬೀಳುತ್ತದೆ. ಊರ ಬಾಯಿಗೆ ಮುಳ್ಳಿನ ಬೇಲಿ ಎಳೆಯುತ್ತಾರೆ. ಹಗಲಿಡೀ ಹೊಲದಲ್ಲೋ ತೋಪಿನಲ್ಲೋ ಅಡಿಗೆ, ಊಟ. ಸಂಜೆ ದೇವರನ್ನು ಮುಂದಿಟ್ಟುಕೊಂಡು ಮರಳಿ ಬಂದು ಹೊಸದಾಗಿ ದೀಪ ಹಚ್ಚುತ್ತಾರೆ. ಬೇಚಿರಾಕ್ ಆಗಿಬಿಡುವ ಭಯವನ್ನು ಒಂದೇ ಹಗಲಿನ ಮಟ್ಟಿಗೆ ಆಡಿ ತೋರಿಸಿ ಕಳೆದುಕೊಳ್ಳುವ ಬಗೆ ಇದು ಎಂದು ಓದಬಹುದು. ಕೆಲವೆಡೆ ಇದರ ಜೊತೆಗೆ 'ವಾರ ಹಿಡಿಯುವುದು' ಸೇರುತ್ತದೆ: ಐದು ಮಂಗಳವಾರವೋ ಶುಕ್ರವಾರವೋ ಯಾರೂ ಹೊಲಕ್ಕೆ ಹೋಗುವಂತಿಲ್ಲ, ಒಕ್ಕಲುತನದ ಕೆಲಸ ಮಾಡುವಂತಿಲ್ಲ. ಲಾಕ್‌ಡೌನ್ ಎಂಬ ಪದ ಬರುವುದಕ್ಕೆ ಬಹಳ ಮೊದಲಿನ ಬಂದ್ ಅದು. ದಿನಗೂಲಿಯವನಿಗೆ ಆ ವಾರದ ಕೂಲಿ ಆಗಲೂ ಯಾರೂ ಕೊಡುತ್ತಿರಲಿಲ್ಲ.

ಇನ್ನೊಂದು ಆಚರಣೆ ಇದಕ್ಕಿಂತ ಖಾರವಾದದ್ದು. ಊರಮ್ಮನ ಹಬ್ಬದಲ್ಲಿ ಬಲಿಯ ರಕ್ತದಲ್ಲಿ ಕಲಸಿದ ಅನ್ನವನ್ನೋ ಜೋಳವನ್ನೋ ಊರ ಎಲ್ಲೆಯ ಸುತ್ತ ಚೆಲ್ಲುತ್ತಾ ಹೋಗುತ್ತಾರೆ. ಚರಗ ಚೆಲ್ಲುವುದು ಎಂದು ಇದರ ಹೆಸರು. ಆ ಗೆರೆಯೊಳಗೆ ಮಾರಿ ಬರಬಾರದು. ಒಳಗಿರುವ ಮಾರಿಯನ್ನು ಗಡಿ ದಾಟಿಸಿ ಬಿಟ್ಟು ಬರುವ ಪದ್ಧತಿಯೂ ಉಂಟು. ಗಡಿಯ ಆಚೆಗೂ ಒಂದು ಊರಿದೆಯಲ್ಲ, ಅಲ್ಲಿಯವರು ರಾತ್ರಿಯಿಡೀ ಕಾವಲು ಕೂರುತ್ತಾರೆ. ನಮ್ಮ ಊರು ದಾಟಲಿ, ಮುಂದಿನದು ಮುಂದಿನವರಿಗೆ. ಚರಗದ ಬುಟ್ಟಿ ಹೊರುವ, ಆಸಾದಿಯಾಗಿ ಮಾರಿಯನ್ನು ಹಾಡಿ ಬೈದು ಸಮಾಧಾನ ಮಾಡುವ ಕೆಲಸ ಹಿಂದಿನಿಂದಲೂ ಬಂದದ್ದು ದಲಿತ ಕೇರಿಗೆ. ಬೇನೆಯ ಮೈ ಮುಟ್ಟುವ ಹಕ್ಕು-ಹೊಣೆ ಎರಡನ್ನೂ ಊರು ಅವರಿಗೆ ಬಿಟ್ಟುಕೊಟ್ಟಿತ್ತು. 2021ರಲ್ಲಿ ಕೊಳ್ಳೇಗಾಲದ ಕಡೆ ಕೊರೊನಾ ಮಾರಮ್ಮನ ಗುಡಿಯೇ ಎದ್ದಾಗ ಪತ್ರಿಕೆಗಳು ನಕ್ಕವು. ಗಡಿ ದಾಟಿಸುವ ಕೆಲಸವನ್ನು ಕೊರೊನಾದ ಆ ಎರಡು ವರ್ಷ ಜಿಲ್ಲಾಡಳಿತಗಳು ಚೆಕ್‌ಪೋಸ್ಟ್‌ಗಳಲ್ಲಿ ಮಾಡುತ್ತಿದ್ದವು, ಅದು ಅಷ್ಟು ನಗೆಯ ವಿಷಯವಾಗಿ ಕಾಣಲಿಲ್ಲ.

1918, ಕಾಳಯುಕ್ತಿ ಸಂವತ್ಸರ. ಹೆಸರೇ ಅಂಥದ್ದು. ಮೊದಲ ಮಹಾಯುದ್ಧ ಮುಗಿಯುತ್ತಾ ಬಂದಿತ್ತು, ಅಕ್ಕಿ-ಜೋಳದ ಬೆಲೆ ಗಗನಕ್ಕೇರಿತ್ತು, ಆ ವರ್ಷದ ಮುಂಗಾರೂ ಕೈಕೊಟ್ಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಮುಂಬಯಿಯಲ್ಲಿ ಎರಡನೇ ಅಲೆಯ ಇನ್‌ಫ್ಲುಯೆಂಜಾ ಕೆರಳಿ ರೈಲು ಹಿಡಿದು ದಕ್ಷಿಣಕ್ಕೆ ಬಂತು. ಹೊಸಪೇಟೆಯಿಂದ ಹತ್ತಿಪೇಟೆ ಕೊಟ್ಟೂರಿಗೂ ಆಗ ಮೀಟರ್‌ಗೇಜ್ ಹಳಿ ಬಿದ್ದಿತ್ತು. ಪ್ಲೇಗಿನಂತೆ ಇದು ಊರು ಬಿಟ್ಟರೆ ಬಿಡುವ ಬೇನೆಯಲ್ಲ, ಗುಡಿಸಲಿಗೂ ಬರುತ್ತದೆ. ಇಪ್ಪತ್ತು-ನಲವತ್ತರ ಪ್ರಾಯದ ಗಟ್ಟಿ ಮೈಯವರೇ ಹೋದರು. ಕಟಾವಿಗೆ ಆಳಿಲ್ಲ, ಬಿತ್ತನೆಗೆ ಕೈಯಿಲ್ಲ. ದಾಖಲೆಯಲ್ಲಿ ಈ ಸಾವುಗಳಲ್ಲಿ ಬಹುಪಾಲು 'ಜ್ವರ' ಎಂಬ ಒಂದೇ ಕಲಮಿನಲ್ಲಿ ಬಿದ್ದವು. ಹಳ್ಳಿಯ ಲೆಕ್ಕ ಬರೆಯುವವನಿಗೆ ಇನ್‌ಫ್ಲುಯೆಂಜಾ ಗೊತ್ತಿರಲಿಲ್ಲ, ಕೆಲವೆಡೆ ಲೆಕ್ಕ ಬರೆಯುವವನೇ ಮಲಗಿದ್ದ. 1921ರಲ್ಲಿ ಎಣಿಸಿ ನೋಡಿದರೆ ಬಳ್ಳಾರಿ ಜಿಲ್ಲೆಯಲ್ಲಿ ಹತ್ತು ವರ್ಷದ ಹಿಂದಿಗಿಂತ ಜನ ಕಡಿಮೆಯಾಗಿದ್ದರು.

ಕೂಡ್ಲಿಗಿಯಲ್ಲೋ ಹಡಗಲಿಯಲ್ಲೋ ಯಾವ ಕೇರಿಯವರು ಎಷ್ಟು ಸತ್ತರೆಂದು ಆಗ ಯಾರೂ ಬೇರ್ಪಡಿಸಿ ಬರೆಯಲಿಲ್ಲ. ಮುಂಬಯಿ ನಗರದಲ್ಲಿ ಬರೆದರು. ಸಾವಿರಕ್ಕೆ ಯುರೋಪಿಯನ್ನರಲ್ಲಿ 8.3 ಮಂದಿ ಸತ್ತರೆ 'ಕೆಳಜಾತಿ ಹಿಂದೂ'ಗಳೆಂದು ಗುರುತಿಸಿದವರಲ್ಲಿ 61.6. ಒಂದೇ ಊರು, ಒಂದೇ ಗಾಳಿ, ಏಳು ಪಟ್ಟು ವ್ಯತ್ಯಾಸ. ಆಗ ಇದಕ್ಕೆ ಮದ್ದೇ ಇರಲಿಲ್ಲ, ಆದ್ದರಿಂದ ಮದ್ದು ಸಿಕ್ಕವರು-ಸಿಗದವರು ಎಂಬ ವ್ಯತ್ಯಾಸವೂ ಇರಲಿಲ್ಲ. ಇದ್ದದ್ದು ಗಂಜಿ, ಹೊದಿಕೆ, ಗಾಳಿಯಾಡುವ ಕೋಣೆ, ನಾಲ್ಕು ದಿನ ಮಲಗಿದರೂ ಕೆಲಸ ಹೋಗದ ಭರವಸೆ. ಕೂಡ್ಲಿಗಿ-ಹರಪನಹಳ್ಳಿಯ ಕುರುಬರು ನೆಯ್ದ ಕಂಬಳಿ ಸಂತೆಯಿಂದ ಸಂತೆಗೆ ಮಾರಾಟಕ್ಕೆ ಹೋಗುತ್ತಿತ್ತು. ಕೊಳ್ಳಲಾರದ ಕೂಲಿಯವನು ಆ ಚಳಿಗಾಲದಲ್ಲಿ ಗೋಣಿತಾಟು ಹೊದ್ದ.

ಸ್ವಾತಂತ್ರ್ಯದ ಆಚೆಗೆ ಸಿಡುಬು ಹೋಯಿತು, ಪ್ಲೇಗು ಮರೆಯಾಯಿತು. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಹಡಗಲಿ, ಹರಪನಹಳ್ಳಿಯಿಂದ ಅದು ನೂರು ಕಿಲೋಮೀಟರಿಗೂ ಹೆಚ್ಚು. ಹೀಗಾಗಿ ಹರಪನಹಳ್ಳಿಯವರು ಜಿಲ್ಲೆ ಯಾವುದೇ ಇರಲಿ, ಕಾಯಿಲೆಗೆ ಹತ್ತಿರದ ದಾವಣಗೆರೆಯನ್ನೇ ನೆಚ್ಚಿಕೊಂಡರು. ಅಲ್ಲಿನ ದೊಡ್ಡ ಆಸ್ಪತ್ರೆಗಳು ಖಾಸಗಿಯವು, ಬಿಲ್ಲು ಕಟ್ಟಲು ಕುರಿ ಮಾರಬೇಕು. ಎಚ್‌ಐವಿ ಬಂದಾಗ ಅದು ಆಯ್ದುಕೊಂಡ ಮೈಗಳೂ ಹಳೆಯವೇ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಹೆಣ್ಣುಮಕ್ಕಳು ಅದರ ಮುಂದಿನ ಸಾಲಿನಲ್ಲಿದ್ದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ 1982ರಲ್ಲೇ ಬಂದಿತ್ತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಿದ ಮಾಜಿ ದೇವದಾಸಿಯರು 46,660. ಆ ಪಟ್ಟಿಯಲ್ಲಿದ್ದರೆ ಮಾಸಾಶನ, ಇಲ್ಲದಿದ್ದರೆ ಇಲ್ಲ. ಪಟ್ಟಿಯಲ್ಲಿ ಹೆಸರಿದೆಯೇ ಎಂಬ ಈ ಪ್ರಶ್ನೆ ಮುಂದೆ ಇನ್ನೂ ಬಹಳ ಮಂದಿಯ ಬಾಗಿಲಿಗೆ ಬರಲಿತ್ತು.

2020ರ ಫೆಬ್ರುವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು ಎಳೆದಾಗ ನಾಲ್ಕೂ ದಿಕ್ಕಿನ ರಸ್ತೆಗಳಲ್ಲಿ ಪಾದಯಾತ್ರಿಗಳು. ದಾವಣಗೆರೆಯಿಂದ ನಡೆದು ಬರುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಮಂಡಕ್ಕಿ, ಕಾಲಿಗೆ ಎಣ್ಣೆ. ತಿಂಗಳು ಕಳೆದು ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಸಾರಿದರು. ಮಾರನೆಯ ದಿನ ಯುಗಾದಿ. ಬಂದ ಸಂವತ್ಸರದ ಹೆಸರು ಶಾರ್ವರಿ, ರಾತ್ರಿ ಎಂದು ಅದರರ್ಥ.

ಗುಳೆಯ ಪಂಚಾಂಗದಲ್ಲಿ ದೀಪಾವಳಿ ಕಳೆದ ಮೇಲೆ ಹೋಗುವುದು, ಯುಗಾದಿಯ ಸುತ್ತಮುತ್ತ ಬರುವುದು. ಕೆಲವರು ಬಂದಾಗಿತ್ತು, ಕೆಲವರು ಗಂಟು ಕಟ್ಟಿದ್ದರು, ಮೇಸ್ತ್ರಿ ಲೆಕ್ಕ ಮುಗಿಸದ್ದಕ್ಕೆ ಇನ್ನು ಕೆಲವರು ಅಲ್ಲೇ ಉಳಿದಿದ್ದರು. ಬೆಂಗಳೂರಿನಿಂದ ಚಿತ್ರದುರ್ಗ ದಾಟಿ ಹೊಸಪೇಟೆಗೆ ಹೋಗುವ ಹೆದ್ದಾರಿ ಕೂಡ್ಲಿಗಿಯನ್ನು ಹಾದೇ ಹೋಗುತ್ತದೆ. ಆ ಮುನ್ನೂರು ಕಿಲೋಮೀಟರಿನ ಹತ್ತಿರದ ದಾರಿಯಲ್ಲಿ ಮತ್ತೆ ಪಾದಯಾತ್ರಿಗಳು ಕಾಣಿಸಿಕೊಂಡರು. ಈ ಸಲ ಮಜ್ಜಿಗೆಯ ಜಾಗದಲ್ಲಿ ಲಾಠಿಯಿತ್ತು. ಊರಿನ ಬಾಯಲ್ಲಿ ಮುಳ್ಳಿನ ಬೇಲಿ, ಹೊರಬೀಡಿನದೇ ಬೇಲಿ. ಆದರೆ ಹೊರಬೀಡಿನಲ್ಲಿ ಊರು ಹೊರಗಿದ್ದು ಬೇಲಿಯೊಳಗೆ ಯಾರೂ ಇರುತ್ತಿರಲಿಲ್ಲ. ಈಗ ಊರು ಒಳಗೆ, ಅದೇ ಊರಿನ ಮಕ್ಕಳು ಹೊರಗೆ. ಸಿಂಧನೂರಿನ ಒಬ್ಬ ಕಟ್ಟಡ ಕಾರ್ಮಿಕ ಹೆಣ್ಣುಮಗಳು ಬೆಂಗಳೂರಿನಿಂದ ಗಂಡನೊಡನೆ ನಡೆಯುತ್ತಾ ಹೊರಟು ಏಪ್ರಿಲ್ ಮೊದಲ ವಾರದಲ್ಲಿ ಬಳ್ಳಾರಿಯಲ್ಲಿ ಪ್ರಾಣಬಿಟ್ಟಳು. ವಯಸ್ಸು 29. ಅವಳಿಗೆ ಕೊರೊನಾ ಇರಲಿಲ್ಲ.

ಮೇ ಮೊದಲ ವಾರ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಡೆದದ್ದನ್ನು ದುಡ್ಡಿನ ಕಣ್ಣಿನಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. ಊರಿಗೆ ಬಸ್ಸು ಬಿಟ್ಟರು, ದುಬಾರಿ ಟಿಕೆಟ್ಟು ಕೇಳಿದರು. ಗಲಾಟೆಯಾಯಿತು, ವಿರೋಧ ಪಕ್ಷ ಒಂದು ಕೋಟಿ ರೂಪಾಯಿಯ ಚೆಕ್ಕು ಹಿಡಿದು ಬಂತು, ಪ್ರಯಾಣ ಉಚಿತವಾಯಿತು. ಅದಾದ ಎರಡು ದಿನಕ್ಕೆ, ಬಿಲ್ಡರುಗಳೊಡನೆ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಸಭೆಯ ಬೆನ್ನಲ್ಲೇ, ಹೊರರಾಜ್ಯದ ಕಾರ್ಮಿಕರನ್ನು ಒಯ್ಯಬೇಕಿದ್ದ ಶ್ರಮಿಕ ರೈಲುಗಳನ್ನು ಸರ್ಕಾರ ರದ್ದು ಮಾಡಿತು. ದೇಶವೆಲ್ಲ ಬೈದ ಮೇಲೆ ಮತ್ತೆ ಬಿಟ್ಟಿತು. ಕೂಲಿಯವನು ಹೋದರೆ ಕಟ್ಟಡ ನಿಲ್ಲುತ್ತದೆ, ಉಳಿದರೆ ಅವನಿಗೆ ಅನ್ನ ಹಾಕಬೇಕು. ರಿಚರ್ಡ್ ಟೆಂಪಲ್ಲನ ತಕ್ಕಡಿ ಎಲ್ಲೂ ಕಳೆದುಹೋಗಿರಲಿಲ್ಲ.

ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಚಾಲಕರಿಗೆ ತಲಾ 5,000, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲಿನ 2,000ದ ಮೇಲೆ 3,000. ಹೂವಿನಹಡಗಲಿಗೆ ಹೆಸರು ತಂದ ಮಲ್ಲಿಗೆ ಆ ಬೇಸಿಗೆಯಲ್ಲಿ ಗಿಡದಲ್ಲೇ ಬಾಡಿತ್ತು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹೂವು ಅದು, ಮದುವೆ-ಜಾತ್ರೆಗಳಿಲ್ಲದೆ ಕೊಳ್ಳುವವರಿಲ್ಲ. ತೋಟದ ಪಹಣಿಯಿದ್ದವರಿಗೆ ಪರಿಹಾರದ ದಾರಿಯಿತ್ತು. ಬೆಳಗಿನ ಜಾವ ಮೊಗ್ಗು ಬಿಡಿಸುವ, ಮಾರು ಹಾಕಿ ಕಟ್ಟುವ ಹೆಂಗಸರಿಗೆ ಪಹಣಿಯಲ್ಲಿ ಕಲಮಿಲ್ಲ. ಕಬ್ಬು ಕಡಿಯುವವರದ್ದೂ ಅದೇ ಪಾಡು. ಕಟ್ಟಡ ಕಾರ್ಮಿಕರಾದರೂ ಮಂಡಳಿಯ ಕಾರ್ಡಿದ್ದರೆ ಉಂಟು, ಗುಂಪು ಮೇಸ್ತ್ರಿಯ ಕೆಳಗೆ ಸೈಟಿನಿಂದ ಸೈಟಿಗೆ ಅಲೆಯುವವರಲ್ಲಿ ಆ ಕಾರ್ಡು ಮಾಡಿಸಿದವರೆಷ್ಟು?

ಊರಿಗೆ ಬಂದವರ ಕೈ ಹಿಡಿದದ್ದು ಉದ್ಯೋಗ ಖಾತ್ರಿ. ದಿನಕ್ಕೆ 275 ರೂಪಾಯಿ. ಬಿರುಬಿಸಿಲಿನಲ್ಲಿ ಕೆರೆಯ ಹೂಳು ಹೊತ್ತವರಲ್ಲಿ ಪದವಿ ಓದಿದ ಹುಡುಗರೂ ಇದ್ದರು. 1877ರಲ್ಲಿ ಬರದ ಕೂಲಿಗೆ ಮಣ್ಣು ಹೊತ್ತ ಸೀಮೆಯಲ್ಲೇ ಈ ಬುಟ್ಟಿಗಳೂ ಏರಿಳಿದವು. ಆದರೆ ಒಂದು ವ್ಯತ್ಯಾಸವನ್ನು ಗುರುತಿಸಲೇಬೇಕು. ಆಗ ಕೂಲಿ ದೊರೆಯ ಭಿಕ್ಷೆ, 2020ರಲ್ಲಿ ಅದು ಕಾಯ್ದೆಯ ಹಕ್ಕಾಗಿತ್ತು, ಕೇಳಿ ಪಡೆಯಬಹುದಿತ್ತು, ಸಿಗದಿದ್ದರೆ ಪಂಚಾಯಿತಿ ಮುಂದೆ ಕೂರಬಹುದಿತ್ತು. ಕೂತರು ಕೂಡ. ಜೊತೆಗೆ ಪಡಿತರದ ಅಕ್ಕಿ ಬಂತು. 2020ರಲ್ಲಿ ಈ ತಾಲ್ಲೂಕುಗಳು ಮತ್ತೆ ಬೇಚಿರಾಕ್ ಆಗದೆ ಉಳಿದದ್ದು ಈ ಎರಡರಿಂದ ಎಂದರೆ ಹೆಚ್ಚಿನ ಮಾತಲ್ಲ.

ರೋಗವಂತೂ ಮೊದಲು ದೊಡ್ಡದಾಗಿ ಸಿಡಿದದ್ದು ಜೂನಿನಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. ಸಾವಿರಾರು ಜನ ಒಂದೇ ಸೂರಿನಡಿ ದುಡಿದು ಸುತ್ತಲಿನ ಹಳ್ಳಿಗಳಿಗೆ ಮಲಗಲು ಹೋಗುವ ಜಾಗ. ಆ ತಿಂಗಳ ಕೊನೆಗೆ ಬಳ್ಳಾರಿಯಿಂದ ಒಂದು ವಿಡಿಯೋ ಹೊರಬಿತ್ತು. ಬಿಳಿ ಕವಚ ತೊಟ್ಟವರು ಕೋವಿಡ್ ಹೆಣಗಳನ್ನು ಎಳೆದು ತಂದು ಒಂದೇ ಗುಂಡಿಗೆ ಎಸೆಯುತ್ತಿದ್ದರು. ಜಿಲ್ಲಾಧಿಕಾರಿ ಕ್ಷಮೆ ಕೇಳಿದರು, ಹೆಣ ಸಾಗಿಸಿದ ತಂಡದ ಸಿಬ್ಬಂದಿಯ ಮೇಲೆ ಕ್ರಮವಾಯಿತು. ಆ ಕವಚದೊಳಗಿನ ಮುಖಗಳನ್ನು ಯಾರೂ ನೋಡಲಿಲ್ಲ. ಚರಗದ ಬುಟ್ಟಿ ಈಗ ಯಾರ ತಲೆಯ ಮೇಲಿದೆ ಎಂಬ ಪ್ರಶ್ನೆ ಆ ದಿನದ ಸುದ್ದಿಯಲ್ಲಿ ಏಳಲಿಲ್ಲ. ಮನೆಮನೆಗೆ ಹೋಗಿ ಜ್ವರ ಅಳೆದ ಆಶಾ ಕಾರ್ಯಕರ್ತೆಯರದ್ದು ಇನ್ನೊಂದು ಕತೆ. ರಾಜ್ಯದ 42,000 ಆಶಾಗಳು ಜುಲೈ 10ರಿಂದ ಕೆಲಸ ನಿಲ್ಲಿಸಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿದರು. ಅವರ ಮೇಲೆ ಹೂ ಎರಚುವುದಕ್ಕೆ ಯಾರ ತಕರಾರೂ ಇರಲಿಲ್ಲ, ತಕರಾರು ಇದ್ದದ್ದು ಆ 12,000ಕ್ಕೆ.

ಅದೇ ವರ್ಷ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಅಮೆರಿಕದ ಲ್ಯಾಟಿನೋ ಜನರ ಕತೆ ಓದಿದರೆ ಕೂಡ್ಲಿಗಿಯವರಿಗೆ ಹೊಸದೆನಿಸುವುದಿಲ್ಲ. ಮೆಕ್ಸಿಕೊ, ಗ್ವಾಟೆಮಾಲಾ ಮುಂತಾದ ಕಡೆಯಿಂದ ಬಂದ ಮನೆತನಗಳು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಹಣ್ಣು ಬಿಡಿಸುವವರು, ಮಾಂಸದ ಕಾರ್ಖಾನೆಗಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವವರು, ಹೋಟೆಲಿನ ಅಡುಗೆಮನೆಯವರು. ಅವರದ್ದು 'ಅತ್ಯವಶ್ಯಕ ಸೇವೆ', ಹಾಗಾಗಿ ಮನೆಯಲ್ಲಿ ಕೂರುವಂತಿಲ್ಲ. ಆರೋಗ್ಯ ವಿಮೆ ಹಲವರಿಗಿಲ್ಲ, ಕಾಗದಪತ್ರವಿಲ್ಲದವರಿಗೆ ಸರ್ಕಾರ ಕಳಿಸಿದ ಪರಿಹಾರದ ಚೆಕ್ಕೂ ಇಲ್ಲ. ಮೊದಲ ತಾತ್ಕಾಲಿಕ ಲೆಕ್ಕದ ಪ್ರಕಾರವೇ 2020ರ ಒಂದೇ ವರ್ಷದಲ್ಲಿ ಅವರ ಸರಾಸರಿ ಆಯಸ್ಸು ಸುಮಾರು 3 ವರ್ಷ ಇಳಿಯಿತು, ಬಿಳಿಯರದು 1.2 ವರ್ಷ. ಅಲ್ಲಿ ಜನಾಂಗವಾರು ಲೆಕ್ಕವಿಡುವ ಪದ್ಧತಿಯಿದೆ, ಆದ್ದರಿಂದ ಅನ್ಯಾಯಕ್ಕೆ ಒಂದು ಅಂಕಿಯಾದರೂ ಸಿಕ್ಕಿತು. ಇಲ್ಲಿನ ದಿನದ ಬುಲೆಟಿನ್ನಿನಲ್ಲಿ ತಾಲ್ಲೂಕು ಇತ್ತು, ಕೇರಿ ಇರಲಿಲ್ಲ, ತಾಂಡಾ ಇರಲಿಲ್ಲ. ಒಟ್ಟು ಸಾವಿನ ಲೆಕ್ಕದ ಮೇಲೂ ಜಗಳವಿದೆ: 2020-21ರಲ್ಲಿ ಭಾರತದಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು, ಕೇಂದ್ರ ಸರ್ಕಾರ 4.8 ಲಕ್ಷದ ತನ್ನ ಲೆಕ್ಕ ಬಿಡಲಿಲ್ಲ. 1918ರ 'ಜ್ವರ' ಎಂಬ ಕಲಮು ಹೊಸ ಹೆಸರಿನಲ್ಲಿ ಮರಳಿತ್ತು.

ಎರಡನೇ ಅಲೆ 2021ರ ಏಪ್ರಿಲ್-ಮೇ ತಿಂಗಳಲ್ಲಿ ಹಳ್ಳಿಗಳಿಗೇ ನುಗ್ಗಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಆಗ ರಾಜ್ಯಕ್ಕೆಲ್ಲ ಆಮ್ಲಜನಕ ಕಳಿಸುವ ಮುಖ್ಯ ಮೂಲಗಳಲ್ಲಿ ಒಂದಾಗಿತ್ತು. ಕಾರ್ಖಾನೆಯ ಪಕ್ಕದಲ್ಲೇ ಸಾವಿರ ಹಾಸಿಗೆಯ ಕೋವಿಡ್ ಆಸ್ಪತ್ರೆ ಎದ್ದಿತು. ಹಡಗಲಿಯ ನದೀದಂಡೆಯ ಹಳ್ಳಿಯಲ್ಲಿ ಉಸಿರು ಸಿಕ್ಕಿಕೊಂಡವನಿಗೆ ಮಾತ್ರ ಅಲ್ಲಿಗೆ ತಲುಪಲು ಗಾಡಿ ಬೇಕಿತ್ತು, ಗಾಡಿಗೆ ಬಾಡಿಗೆ ಬೇಕಿತ್ತು. ಲಸಿಕೆ ಬಂದಾಗ 18ರಿಂದ 44ರ ವಯಸ್ಸಿನವರು ಮೊದಲು ಮೊಬೈಲಿನಲ್ಲಿ ಹೆಸರು ಬರೆಸಬೇಕಾಗಿತ್ತು. ಸ್ಲಾಟು ತೆರೆದ ನಿಮಿಷದಲ್ಲೇ ಮುಗಿಯುತ್ತಿತ್ತು. ನಗರಗಳಲ್ಲಿ ಸ್ಲಾಟು ಸಿಗದವರು ಕಾರು ಮಾಡಿಕೊಂಡು ದೂರದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದು ಚುಚ್ಚಿಸಿಕೊಂಡು ಹೋದ ಸುದ್ದಿ ರಾಜ್ಯದ ಹಲವೆಡೆಯಿಂದ ಬಂತು. ಆ ಕೇಂದ್ರದ ಅಂಗಳದಲ್ಲೇ ಮನೆಯಿದ್ದವರ ಕೈಯಲ್ಲಿ ಬಟನ್ ಫೋನಿತ್ತು. ನೆಟ್‌ವರ್ಕ್ ಸಿಗಬೇಕೆಂದರೆ ಗುಡ್ಡ ಹತ್ತಬೇಕಾದ ತಾಂಡಾಗಳ ಮಾತು ಬೇರೆ.

ಆ ವರ್ಷವೂ ಹಲವು ಊರುಗಳಲ್ಲಿ ಜನ ಹೊರಬೀಡು ಹೋದರು, ವಾರ ಹಿಡಿದರು.

2021ರ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ವಿಜಯನಗರ ಜಿಲ್ಲೆಯ ಉದ್ಘಾಟನೆಯಾಯಿತು. ಐದೂ ತಾಲ್ಲೂಕುಗಳಿಗೆ ಜಿಲ್ಲಾ ಕೇಂದ್ರ ಒಂದಿಷ್ಟು ಹತ್ತಿರ ಬಂತು. ಮುಂದಿನ ತಿಂಗಳು ದೀಪಾವಳಿ. ತಾಂಡಾಗಳಲ್ಲಿ ಹೆಣ್ಣುಮಕ್ಕಳು ಕಾಡಿನ ಹೂ ತಂದು ಹಾಡಿ, ಮನೆಮನೆಗೆ ದೀಪ ತೋರಿಸಿದರು. ಹಬ್ಬ ಕಳೆಯುತ್ತಲೇ ಕಬ್ಬಿನ ಕಡೆಯ ಮೇಸ್ತ್ರಿಗಳು ಮುಂಗಡದ ದುಡ್ಡು ಹಿಡಿದು ಬಂದರು. ಲಾರಿಗಳ ಮೇಲೆ ಪಾತ್ರೆ, ಹಾಸಿಗೆ, ಕೋಳಿಬುಟ್ಟಿ, ಕೂಸುಗಳು ಏರಿದವು. ಮುದುಕರು ಬಾಗಿಲಲ್ಲಿ ಉಳಿದರು. ಈ ಸಲ ಗಂಟಿನಲ್ಲಿ ಹೊಸದಾಗಿ ಸೇರಿದ್ದು ಒಂದು ವಸ್ತು: ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಲಸಿಕೆಯ ಸರ್ಟಿಫಿಕೇಟು, ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸುವುದಕ್ಕೆ.